ಅಂಚಿನಲ್ಲಿ ನಿಂತವರು

ಫೋಟೋಗೆ ಬಲ ಬರಬೇಕಾದರೆ ಅದರಿಂದ ಏನನ್ನಾದರೂ ಕತ್ತರಿಸಿ ತೆಗೆಯಲೇಬೇಕು ಎಂದು ನಮ್ಮೂರಿಗೆ ಹೇಳಿಕೊಟ್ಟವನು ಜಯಸಿಂಹನ ಅಪ್ಪ. ಅದನ್ನೊಂದು ಶಾಸ್ತ್ರವಾಗಿಸಿ, ಆ ಶಾಸ್ತ್ರಕ್ಕೆ ತಾನೇ ಆಚಾರ್ಯನಾಗಿ ಕೂತವನು ಜಯಸಿಂಹ. ಕೆರೆಬೀದಿಯಲ್ಲಿ ಅವನ ಸ್ಟುಡಿಯೋ. ಬಾಗಿಲಲ್ಲಿ ನಿಂತು, ಎರಡು ಕೈಯ ಬೆರಳು ಜೋಡಿಸಿ ಚೌಕಟ್ಟು ಮಾಡಿಕೊಂಡು, ಹೋಗಿಬರುವವರನ್ನು ಅದರೊಳಗಿಂದ ಒಂದೇ ಕಣ್ಣಿನಲ್ಲಿ ನೋಡುತ್ತಾನೆ. "ಅಮ್ಮಾ, ಪಕ್ಕದಲ್ಲಿರೋ ಆ ಚೀಲ ಒಂದು ಇಲ್ದಿದ್ರೆ ನೀವು ಎಷ್ಟು ಎದ್ದು ಕಾಣ್ತೀರಿ ಗೊತ್ತಾ?" ಎನ್ನುತ್ತಾನೆ. ಆ ಚೀಲದಲ್ಲಿರುವ ಬದನೆಕಾಯಿ ಇಲ್ಲದಿದ್ದರೆ ಮಧ್ಯಾಹ್ನ ನಮ್ಮ ಮನೆಯಲ್ಲಿ ಏನು ಎದ್ದು ಕಾಣುತ್ತದೆ ಎಂಬುದು ಅವನಿಗೆ ಬೇಕಿಲ್ಲ.

ಇಲ್ಲಿಯ ಪದ್ಧತಿ ಹೀಗಿದೆ. ಮನೆಗೊಂದು ಫೋಟೋ. ಯಜಮಾನ ಬದಲಾದಾಗ ಮಾತ್ರ ಹೊಸದು. ಆ ಮನೆಯ ಅನ್ನ ಉಣ್ಣುವವರೆಲ್ಲ ಕೆರೆಯ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಬೇಕು. ಕೆಳಗೆ ನೀರಿನಲ್ಲಿ ಅವರ ಬಿಂಬ ಬೀಳಬೇಕು. ಮೇಲಿನವರೂ ಕೆಳಗಿನವರೂ ಸೇರಿ ಒಂದು ಫೋಟೋ. ಅದನ್ನು ಬೇಕಾದಷ್ಟು ಕತ್ತರಿಸಿ ಕೆರೆಮಂಟಪದ ಗೋಡೆಗೆ ತೂಗುಹಾಕುತ್ತಾರೆ. ತೂಗುಹಾಕಿದ್ದನ್ನು ಆ ಯಜಮಾನ ಇರುವ ತನಕ ಇಳಿಸುವಂತಿಲ್ಲ. ಕತ್ತರಿಸಿ ಹೊರಗಿಟ್ಟ ಭಾಗದಲ್ಲಿ ಯಾರು ನಿಂತಿದ್ದರೋ ಅವರ ಬಿಂಬ ಅಂದಿನಿಂದ ಎಲ್ಲಿಯೂ ಬೀಳುವುದಿಲ್ಲ. ಕನ್ನಡಿಯಲ್ಲಿಲ್ಲ, ಕೆರೆಯಲ್ಲಿಲ್ಲ, ಬೆಳಗಿಟ್ಟ ತಂಬಿಗೆಯಲ್ಲಿಲ್ಲ, ಎದುರು ಕೂತು ಮಾತಾಡುವವರ ಕಣ್ಣಿನ ಪಾಪೆಯಲ್ಲೂ ಇಲ್ಲ.

ಜನ ಇದಕ್ಕೆ ಒಗ್ಗಿಕೊಂಡಿರುವ ಚೆಂದ ನೋಡಬೇಕು. ಕ್ಷೌರದ ಅಂಗಡಿಯಲ್ಲಿ ಕತ್ತರಿಗೆ ಸಿಕ್ಕವರಿಗೆಂದೇ ಒಂದು ಕುರ್ಚಿ ಇದೆ. ಅದರ ಮುಂದೆ ಕನ್ನಡಿಯ ಬದಲು ಕ್ಯಾಲೆಂಡರು. ಗಾಣದವರ ಮನೆಯ ಅಳಿಯನಿಗೆ ಒಂದು ಮೊಣಕೈ ಮಾತ್ರ ಹೋಗಿದೆ. ಮದುವೆಮನೆಯಲ್ಲಿ ನಿಲುವುಗನ್ನಡಿ ಕಂಡರೆ ಆತ ಕೈ ಹಿಂದೆ ಕಟ್ಟಿಕೊಂಡು ದೊಡ್ಡ ಮನುಷ್ಯನ ಹಾಗೆ ನಿಲ್ಲುತ್ತಾನೆ. ಅವರದೇ ಮನೆಯ ಎಮ್ಮೆ ಅಕಸ್ಮಾತ್ತಾಗಿ ಫೋಟೋದೊಳಗೆ ಮೂತಿ ತೂರಿಸಿತ್ತು, ಕತ್ತರಿಸಿ ಎಸೆದರು. ಅದು ಈಗ ನೀರಿಗೆ ಬಾಯಿ ಇಟ್ಟರೆ ಎದುರಿಗೆ ಇನ್ನೊಂದು ಎಮ್ಮೆ ಕಾಣದೆ ಬೆದರಿ ಹಿಂದೆ ಸರಿಯುತ್ತದೆ. ಅದಕ್ಕೆ ನೀರು ಕುಡಿಸಲು ಪಕ್ಕದ ಮನೆಯ ಎಮ್ಮೆಯನ್ನು ಬೇಡಿ ತಂದು ಜೊತೆಗೆ ನಿಲ್ಲಿಸುತ್ತಾರೆ. ಇದೆಲ್ಲ ತಪ್ಪು ಎಂದು ಯಾರಿಗೂ ಅನ್ನಿಸಿಲ್ಲ. "ಏನೇ ಹೇಳಿ, ಫೋಟೋ ಮಾತ್ರ ಬಲವಾಗಿ ಬಂತು" ಎನ್ನುತ್ತಾರೆ.

ನಮ್ಮ ಮನೆಯಲ್ಲಿ ಕತ್ತರಿಗೆ ಸಿಕ್ಕವರು ನೀಲತ್ತೆ. ನಮ್ಮ ಮಾವನವರ ತಂಗಿ. ಗಂಡನ ಮನೆ ಸಾಕೆಂದು ತೌರಿಗೆ ವಾಪಸು ಬಂದ ವರ್ಷವೇ ಮಾವನವರು ಯಜಮಾನರಾದರು. ಹೊಸ ಯಜಮಾನನ ಫೋಟೋದಲ್ಲಿ ಗಂಡನನ್ನು ಬಿಟ್ಟು ಬಂದ ತಂಗಿ ಇದ್ದರೆ ಬಲ ಕಮ್ಮಿಯಾಗುತ್ತದಲ್ಲ, ತೆಗೆಸಿದರು. ನಾನು ಈ ಮನೆಗೆ ಸೊಸೆಯಾಗಿ ಬಂದ ಮಾರನೆಯ ದಿನ ನೀಲತ್ತೆ ನನ್ನ ಮುಂದೆ ಬಂದು ಕೂತು, "ನೀನು ಹೊಸಬಳು, ಸುಳ್ಳು ಹೇಳೋಕೆ ಇನ್ನೂ ಕಲಿತಿಲ್ಲ. ನನ್ನ ಮೂಗು ಹೇಗಿದೆ ಹೇಳು. ಅಪ್ಪಂದೋ, ಅಮ್ಮಂದೋ, ನಂಗೆ ಮರ್ತೇ ಹೋಗಿದೆ" ಎಂದಿದ್ದರು. ನಾನು ಅವರ ಅಪ್ಪ ಅಮ್ಮನನ್ನು ಕಂಡವಳಲ್ಲ. ಸಣ್ಣಗೆ, ನೆಟ್ಟಗೆ ಇದೆ ಎಂದೆ. ಆ ಹೊತ್ತಿಗೆ ನಮ್ಮ ವಾರಗಿತ್ತಿ ದಾಕ್ಷಾಯಿಣಿಯಕ್ಕ ಒಳಗಿನಿಂದಲೇ, "ಮೆಣಸಿನಕಾಯಿ ಬಜ್ಜಿ ಥರಾ ಇದೆ ಅಂತ ನಾನು ಎಷ್ಟು ಸಲ ಹೇಳಿಲ್ಲ" ಎಂದಳು. ನೀಲತ್ತೆ ಮೂಗು ಮುಟ್ಟಿ ನೋಡಿಕೊಂಡರು. ಮನೆಯವರು ಯಾವ ದಿನ ಯಾವ ಮುಖ ಹೇಳುತ್ತಾರೋ ಆ ದಿನ ಅವರಿಗೆ ಅದೇ ಮುಖ.

ಮಾವನವರು ತೀರಿಕೊಂಡ ಮೇಲೆ ನಮ್ಮ ಭಾವ ಪಂಚಾಕ್ಷರಿಯವರು ಯಜಮಾನರಾದರು. ಆಗುವುದಕ್ಕೆ ಮೊದಲೇ ಆಗಿದ್ದರು, ಅದು ಬೇರೆ ಮಾತು. ಹೊಸ ಫೋಟೋದ ದಿನ ಗೊತ್ತಾಯಿತು. ಹೊಸದರಲ್ಲಿ ಉಳಿದುಕೊಂಡರೆ ಹೋದ ಬಿಂಬ ಮರಳುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ನೀಲತ್ತೆ ಪೆಟ್ಟಿಗೆಯಿಂದ ಕಾಫಿಪುಡಿ ಬಣ್ಣದ ಸೀರೆ ತೆಗೆದು ಬಿಸಿಲಿಗೆ ಹಾಕಿದರು. "ನನ್ನನ್ನ ನಡುವೆ ಎಲ್ಲಾದ್ರೂ ತುರುಕಿಬಿಡೇ ಶಾಂಭವಿ. ನಡುವೆ ಇದ್ದೋರನ್ನ ಕತ್ತರಿಸೋಕಾಗಲ್ಲ" ಎಂದರು. ಹಾಗೆ ಹೇಳುವಾಗ ನಕ್ಕರು, ಕಣ್ಣು ನಗಲಿಲ್ಲ.

ನನ್ನ ಚಿಂತೆ ಬೇರೆಯಾಗಿತ್ತು. ನನ್ನ ಮಗಳು ಹೊನ್ನಿ. ಆಗಷ್ಟೇ ಮುಂದಿನ ಹಲ್ಲು ಬಿದ್ದಿತ್ತು. ದಿನಕ್ಕೆ ಹತ್ತು ಸಲ ಊಟದ ತಟ್ಟೆ ಎತ್ತಿ ಹಿಡಿದು, ಬಾಯಿ ಕಿಸಿದು, ಹೊಸ ಹಲ್ಲಿನ ತುದಿ ಎಲ್ಲಿ ಮೂಡಿದೆ ಎಂದು ಹುಡುಕುತ್ತಿದ್ದಳು. ತಟ್ಟೆಯಲ್ಲಿದ್ದವಳ ಜೊತೆ ಜಗಳ ಬೇರೆ. ಅವಳು ನಿಂತಲ್ಲಿ ನಿಂತ ಮಗುವಲ್ಲ. ಹೊಟ್ಟೆಯಲ್ಲಿದ್ದಾಗಲೇ ನಿಂತವಳಲ್ಲ. ನಾನು ಫ್ರಾಕಿನ ಅಳತೆ ತೆಗೆಯಬೇಕಾದರೆ ಅವಳು ನಿದ್ದೆ ಮಾಡುವ ತನಕ ಕಾಯಬೇಕು.

ಫೋಟೋದ ದಿನ ಬೆಳಗಿನಿಂದ ಮನೆ ಮನೆಯಾಗಿರಲಿಲ್ಲ. ಭಾವ ರುಮಾಲು ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಕೊನೆಗೆ ಮೊದಲ ಸಲ ಹೇಗಿತ್ತೋ ಹಾಗೇ ಸುತ್ತಿಕೊಂಡರು. ಅವರ ಮಗ ಸಚ್ಚಿದಾನಂದ ಕೂದಲಿಗೆ ಅಷ್ಟು ಎಣ್ಣೆ ಹಾಕಿಕೊಂಡಿದ್ದ, ನೊಣ ಕೂತರೆ ಜಾರಬೇಕು. ದಾಕ್ಷಾಯಿಣಿಯಕ್ಕ ಮನೆಯಲ್ಲಿದ್ದ ಒಡವೆಯನ್ನೆಲ್ಲ ಮೈಮೇಲೆ ಹೇರಿಕೊಂಡು, "ನೀನು ಸರಳವಾಗಿರಮ್ಮ, ನಿಂಗೆ ಅದೇ ಒಪ್ಪುತ್ತೆ" ಎಂದು ನನಗೆ ಹೇಳಿದಳು. ನನ್ನ ಗಂಡ ಚನ್ನವೀರ ಎಲ್ಲರೂ ಸಿದ್ಧರಾಗುವುದನ್ನು ನೋಡುತ್ತ, ತಾನು ಸಿದ್ಧನಾಗುವುದನ್ನೇ ಮರೆತು, ಕೊನೆಗೆ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಬಂದ.

ಮೆಟ್ಟಿಲ ಮೇಲೆ ಜಯಸಿಂಹ ನಮ್ಮನ್ನು ಜೋಡಿಸಿದ. ಭಾವ ನಟ್ಟನಡುವೆ. ಎಡಕ್ಕೆ ಹೆಂಡತಿ, ಮಗ. ಬಲಕ್ಕೆ ನನ್ನ ಗಂಡ, ಆಮೇಲೆ ನಾನು, ಹೊನ್ನಿ. ನೀಲತ್ತೆಯನ್ನು ನಡುವೆ ತುರುಕಲು ನಾನು ಮಾಡಿದ ಪ್ರಯತ್ನವನ್ನು ಅವನು ಬೆರಳಿನಲ್ಲೇ ಅಳಿಸಿದ. "ದೊಡ್ಡಮ್ಮ ಕೊನೇಲಿ. ಇನ್ನೂ ಕೊನೇಲಿ. ಹಾಂ, ಆ ಕಂಬದ ಹತ್ರ." ಕೊನೆಯಲ್ಲಿ ನಿಲ್ಲಿಸುವುದು ಯಾಕೆಂದು ನೀಲತ್ತೆಗೆ ಗೊತ್ತಿತ್ತು. ಹೋಗಿ ನಿಂತರು, ಸೆರಗು ಸರಿಮಾಡಿಕೊಂಡು.

"ನೀರು ನೋಡ್ಕೊಳಿ ಎಲ್ರೂ" ಎಂದ ಜಯಸಿಂಹ. "ಫೋಟೋದ ಅರ್ಧ ಕೆಲಸ ನೀರಿಂದು, ಉಳಿದರ್ಧ ಕತ್ತರಿದು. ನಂದೇನಿಲ್ಲ." ಅಷ್ಟು ವಿನಯ ಅವನು ಬೇರೆ ಯಾವತ್ತೂ ತೋರಿಸಿದವನಲ್ಲ, ಅವನು ಹೇಳಿದ್ದು ಸತ್ಯವೂ ಆಗಿತ್ತು.

ಗಾಳಿ ಇರಲಿಲ್ಲ. ನೀರು ಗಾಜಿನ ಹಾಗೆ ಬಿದ್ದುಕೊಂಡಿತ್ತು. ಭಾವನ ರುಮಾಲಿನ ಕೆಳಗೆ ರುಮಾಲು, ದಾಕ್ಷಾಯಿಣಿಯಕ್ಕನ ಸರದ ಕೆಳಗೆ ಸರ. ನಾನು ಹೊನ್ನಿಯ ಕೈಯನ್ನು ಬಲಗೈಯಲ್ಲಿ ಭದ್ರವಾಗಿ ಹಿಡಿದಿದ್ದೆ. ಬೆಲ್ಲ ಕೊಡುತ್ತೇನೆ ಎಂದಿದ್ದೆ, ಗುಮ್ಮ ಬರುತ್ತದೆ ಎಂದಿದ್ದೆ, ಎರಡೂ ಒಟ್ಟಿಗೆ ಬರುತ್ತವೆ ಎಂದೂ ಹೇಳಿದ್ದೆ. ಜಯಸಿಂಹ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ. "ಉಸಿರು ಬಿಡಬೇಡಿ" ಎಂದ.

ಆಗ ಹೊನ್ನಿ ನೀಲತ್ತೆಯ ಕಾಲ ಕೆಳಗಿನ ನೀರು ನೋಡಿದಳು. ಅಲ್ಲಿ ಕಂಬವಿತ್ತು, ಆಕಾಶವಿತ್ತು, ಅಜ್ಜಿ ಇರಲಿಲ್ಲ. "ಅಜ್ಜಿ, ನೀನು ಮುಳುಗಿ ಹೋಗಿದೀಯಾ!" ಎಂದು ಕೂಗಿ, ಹುಡುಕಲು ಒಂದು ಕಾಲು ನೀರಿಗೆ ಹಾಕಿದಳು. ಕ್ಯಾಮೆರಾ ಟಕ್ ಎಂದಿತು.

ಎರಡನೇ ಸಲ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಯಜಮಾನನಿಗೊಂದೇ ಸಲ.

ಮೂರನೆಯ ದಿನ ಜಯಸಿಂಹ ದೊಡ್ಡ ಫೋಟೋವನ್ನು ಸುರುಳಿ ಸುತ್ತಿಕೊಂಡು ಬಂದು ನಮ್ಮ ಹಜಾರದಲ್ಲಿ ಬಿಚ್ಚಿ ಹಾಸಿದ. ಮೂಲೆಗೊಂದು ಲೋಟ ಇಟ್ಟ. ಎಲ್ಲರೂ ಬಗ್ಗಿದೆವು. ಪ್ರತಿಯೊಬ್ಬರೂ ಮೊದಲು ತಮ್ಮನ್ನು ನೋಡಿಕೊಂಡರು, ಆಮೇಲೆ ತಮ್ಮ ಬಿಂಬವನ್ನು, ಆಮೇಲೆ ಬೇರೆಯವರ ಕುಂದನ್ನು.

ಜಯಸಿಂಹ ಕಿವಿಯಲ್ಲಿ ಸಿಕ್ಕಿಸಿದ್ದ ಪೆನ್ಸಿಲು ತೆಗೆದ. "ಚಿತ್ರ ಇದೆ. ಬಲ ಇಲ್ಲ" ಎಂದ. "ಯಾಕಿಲ್ಲ ನೋಡಿ. ಮೇಲೆ ಏಳು ಜನ. ಕೆಳಗೆ ಆರು. ಈ ದೊಡ್ಡಮ್ಮನ ಕೆಳಗೆ ನೀರು ಖಾಲಿ. ಬಾಯಲ್ಲಿ ಹಲ್ಲು ಬಿದ್ದ ಹಾಗೆ ಕಾಣಲ್ವಾ?"

"ಬಿಂಬ ತೆಗೆದೋರೇ ನೀವು. ಈಗ ಬಿಂಬ ಇಲ್ಲ ಅಂತ ತೆಗೀತೀರಾ?" ಎಂದೆ.

"ಅದು ನಮ್ಮಪ್ಪನ ಕಾಲದ್ದು, ತಾಯಿ" ಎಂದ. ನಾನು ಬಾಯಿ ತೆರೆಯುವ ಮೊದಲೇ ಪೆನ್ಸಿಲು ಹೊನ್ನಿಯ ಮೇಲೆ ಬಂದಿತ್ತು. ಅವಳು ಫೋಟೋದಲ್ಲಿ ಒಂದು ಮಂಜಿನ ಹಾಗೆ ಇದ್ದಳು: ಬಾಗಿದ ಬೆನ್ನು, ಹಾರಿದ ಜಡೆ, ತೆರೆದ ಬಾಯಿ. ಕೆಳಗೆ ನೀರು ಒಡೆದು ಬಳೆಬಳೆಯಾಗಿತ್ತು. "ಇಲ್ಲಿ ಅಲೆ ಎದ್ದಿದೆ. ಬಿಂಬ ಕೆಟ್ಟಿದೆ. ಕಣ್ಣು ಯಜಮಾನ್ರ ಮೇಲೆ ನಿಲ್ಲೋದೇ ಇಲ್ಲ, ಸೀದಾ ಈ ಮಗು ಹತ್ರ ಓಡುತ್ತೆ. ಇದು ಚಿತ್ರದ ಕಾಯಿಲೆ."

"ನನ್ನ ಪ್ಯಾಂಟ್ ಮೇಲೂ ನೀರು ಹಾರಿಸ್ತು ಅದು" ಎಂದ ಸಚ್ಚಿದಾನಂದ. ಅವನು ಸಾಲಿನ ಆ ತುದಿಯಲ್ಲಿದ್ದ. ನೀರು ಅವನನ್ನು ಮುಟ್ಟಬೇಕಾದರೆ ಹೊನ್ನಿ ಕೆರೆಯನ್ನೇ ಎತ್ತಿ ಸುರಿಯಬೇಕಿತ್ತು.

ಜಯಸಿಂಹ ಮೇಲಿನಿಂದ ಕೆಳಗೆ ಗೆರೆ ಎಳೆದ. ಗೆರೆಯ ಆ ಕಡೆ ನೀಲತ್ತೆ, ಹೊನ್ನಿ, ಕಂಬ. ಈ ಕಡೆ ಉಳಿದವರು. ಹೊನ್ನಿಯನ್ನು ಹಿಡಿದಿದ್ದ ನನ್ನ ಕೈ ಮಣಿಕಟ್ಟಿನ ಹತ್ತಿರ ಎರಡಾಯಿತು. "ನಿಮ್ಮ ಕೈ ಸ್ವಲ್ಪ ಹೋಗುತ್ತೆ ತಾಯಿ. ಯೋಚನೆ ಮಾಡಬೇಡಿ, ಬಳೆ ಉಳಿಯುತ್ತೆ" ಎಂದ. ಬಳೆ ಉಳಿಯಿತಲ್ಲ ಎಂದು ದಾಕ್ಷಾಯಿಣಿಯಕ್ಕ ನನ್ನ ಪರವಾಗಿ ಸಮಾಧಾನ ಪಟ್ಟುಕೊಂಡಳು.

ನಾನು ಭಾವನ ಕಾಲ ಬಳಿ ಕೂತೆ. "ಭಾವ, ಅವಳಿಗೆ ಇನ್ನೂ ಹಲ್ಲು ಹುಟ್ತಾ ಇದೆ. ಮುಖ ದಿನಕ್ಕೊಂದು ಥರಾ ಬದಲಾಗೋ ವಯಸ್ಸು. ಅವಳು ದೊಡ್ಡವಳಾದಾಗ ತಾನು ಹೇಗಿದೀನಿ ಅಂತ ಅವಳಿಗೇ ಗೊತ್ತಿರಲ್ಲ. ಒಂದು ಮಗು ಅಲುಗಿದ್ರೆ ಏನಾಯ್ತು? ಇರ್ಲಿ ಬಿಡಿ."

"ನಂಗೇನು ಅವಳ ಮೇಲೆ ದ್ವೇಷವೇನಮ್ಮ?" ಎಂದರು ಭಾವ. ಅವರ ಧ್ವನಿ ಬೆಣ್ಣೆಯಾಗಿತ್ತು. "ಫೋಟೋ ನಂದಲ್ಲ, ಮನೆತನದ್ದು. ಕೆರೆ ಸಂಘದ ಚುನಾವಣೆ ಬೇರೆ ಹತ್ರ ಬಂತು. ಮಂಟಪಕ್ಕೆ ಬಂದೋರೆಲ್ಲ ಮೊದಲು ನೋಡೋದು ಅದನ್ನೇ. ಹೆಣ್ಣುಮಗು, ನಾಳೆ ಮದುವೆಯಾಗಿ ಹೋಗೋದು. ಅಲ್ಲಿ ಹೋಗಿ ಬೇಕಾದ್ರೆ ನಿಲ್ಲಲಿ, ಅವರ ಫೋಟೋದಲ್ಲಿ."

"ಬಿಂಬ ಇಲ್ಲದ ಹುಡುಗೀನ ಯಾರು ಮದುವೆಯಾಗ್ತಾರೆ?"

"ಅದನ್ನ ಆಗ ನೋಡೋಣ" ಎಂದು ಭಾವ ಲೋಟ ಎತ್ತಿ ಕಾಫಿ ಕುಡಿದರು. ಮೂಲೆಯ ಭಾರ ಹೋಗಿ ಫೋಟೋ ಅರ್ಧ ಸುತ್ತಿಕೊಂಡಿತು.

ನನ್ನ ಗಂಡನನ್ನು ಹಿತ್ತಿಲಿಗೆ ಕರೆದೆ. "ನೀವಾದ್ರೂ ಒಂದು ಮಾತು ಹೇಳಿ."

"ಹೇಳ್ತೀನಿ. ಹೇಳಲ್ಲ ಅಂದ್ನಾ? ಆದ್ರೆ ಈಗ ಹೇಳಿದ್ರೆ ಅಣ್ಣನಿಗೆ ಬೇಜಾರು. ಆಮೇಲೆ ಹೇಳಿದ್ರೆ ಪ್ರಯೋಜನ ಇಲ್ಲ. ಯೋಚನೆ ಮಾಡ್ತಿದೀನಿ." ಹದಿನಾರು ಬಾಗಿಲಿನ ಮನೆಯಲ್ಲಿ ಯಾವ ಬಾಗಿಲಿನಿಂದ ಹೊರಗೆ ಹೋಗಬೇಕೆಂದು ತಿಳಿಯದೆ ಒಳಗೇ ಮುದುಕನಾಗುವ ಗಂಡಸು ಆತ. ಕೆಟ್ಟವನಲ್ಲ. ಅದೇ ಕಷ್ಟ.

ಗೆರೆ ಎಳೆಯುವುದು ಫೋಟೋಗ್ರಾಫರು, ಕತ್ತರಿ ಹಿಡಿಯುವುದು ಮಾತ್ರ ಆ ಮನೆಯ ಹೆಂಗಸು. ಗೆರೆ ಎಳೆದವನು ನಾನು ಕತ್ತರಿಸಿಲ್ಲ ಎನ್ನಬಹುದು. ಕತ್ತರಿಸಿದವಳು ನಾನು ಗೆರೆ ಎಳೆದಿಲ್ಲ ಎನ್ನಬಹುದು. ಯಜಮಾನ ಎರಡನ್ನೂ ಮಾಡಿಲ್ಲ. ಇಷ್ಟು ಜಾಣತನವನ್ನು ನಮ್ಮೂರು ಬೇರೆ ಯಾವ ಕೆಲಸದಲ್ಲೂ ತೋರಿಸಿಲ್ಲ. ಕತ್ತರಿಸಿದವಳೇ ಅದನ್ನು ಚೌಕಟ್ಟಿಗೆ ಹಾಕಿ, ಬಟ್ಟೆ ಮುಚ್ಚಿ, ಮಂಟಪದ ಮೊಳೆಗೆ ತಗುಲಿಸಬೇಕು. ಯಜಮಾನ ಊರ ಮುಂದೆ ಬಟ್ಟೆ ಸರಿಸುವ ತನಕ ಬೇರೆ ಯಾರೂ ನೋಡಬಾರದು. ದೃಷ್ಟಿಯಾಗುತ್ತದಂತೆ.

ದಾಕ್ಷಾಯಿಣಿಯಕ್ಕ ಕತ್ತರಿಯನ್ನು ತಟ್ಟೆಯಲ್ಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ನನ್ನ ಮುಂದೆ ಇಟ್ಟಳು. "ನನ್ನ ಕೈ ನಡುಗುತ್ತೆ ಕಣೇ. ನೀನು ದಿನಾ ರವಿಕೆ ಹೊಲಿಯೋಳು, ನಿನ್ನ ಕತ್ತರಿ ಗೆರೆ ಬಿಡಲ್ಲ. ಅಲ್ಲದೆ ತಾಯಿ ಕೈಯಿಂದ ಆದ್ರೆ ಮಗೂಗೆ ನೋವಾಗಲ್ಲ ಅಂತಾರೆ."

"ಯಾರು ಅಂತಾರೆ?"

"ಅಂತಾರೆ" ಎಂದಳು.

ನಾನು ಒಲ್ಲೆ ಎಂದರೆ ಅವಳ ಕೈ ನಡುಗುವುದು ನಿಲ್ಲುತ್ತಿತ್ತು. ಅದು ನನಗೆ ಗೊತ್ತಿತ್ತು. ತಟ್ಟೆ ತೆಗೆದುಕೊಂಡೆ.

ಊಟವಾಗಿ ಎಲ್ಲರೂ ಅಡ್ಡಾದ ಮೇಲೆ ನಡುಮನೆಯಲ್ಲಿ ಫೋಟೋ ಹಾಸಿಕೊಂಡು ಕೂತೆ. ಮಸಿ ಹಿಡಿದ ಪಾತ್ರೆಗಳು ಇನ್ನೂ ಹಿತ್ತಿಲಲ್ಲಿ ಬಿದ್ದಿದ್ದವು. ಭಾವನ ಗೊರಕೆ ಯಜಮಾನಿಕೆಗೆ ತಕ್ಕಂತೆ ಬರುತ್ತಿತ್ತು. ಹೊನ್ನಿ ನೀಲತ್ತೆಯ ತೊಡೆಯ ಮೇಲೆ ಮಲಗಿದ್ದಳು. ನಿದ್ದೆಯಲ್ಲೂ ಒಂದು ಕಾಲು ಅಲುಗುತ್ತಿತ್ತು. ನೀಲತ್ತೆ ನನ್ನ ಕೈಯಲ್ಲಿದ್ದ ಕತ್ತರಿ ನೋಡಿ, "ನನ್ನ ಚಿಂತೆ ಬಿಡು, ನಂಗೆ ರೂಢಿ. ಇವಳನ್ನ ಉಳಿಸ್ಕೋ ನೋಡು, ಹೇಗಾದ್ರೂ ಮಾಡಿ" ಎಂದು ಪಿಸುಗುಟ್ಟಿದರು.

ಹೇಗೆ? ಗೆರೆ ಬಿಟ್ಟು ಕತ್ತರಿಸಿದರೆ, ಹೊನ್ನಿಯನ್ನು ಈ ಕಡೆಗೆ ಉಳಿಸಿದರೆ, ನೀಲತ್ತೆಯ ಸೀರೆಗೆ ಕತ್ತರಿ ಬಿದ್ದು ಅವರು ಮತ್ತೆ ಹೊರಗೇ ಉಳಿಯುತ್ತಿದ್ದರು. ಹೊನ್ನಿ ಅವರ ಕಾಲಿಗೆ ಅಂಟಿಕೊಂಡೇ ಬಾಗಿದ್ದಳು. ಕತ್ತರಿಸದೆ ಹಾಗೇ ತೂಗುಹಾಕಿದರೆ? ಪೂರ್ತಿ ಫೋಟೋ ನಮ್ಮ ಚೌಕಟ್ಟಿಗೆ ಹಿಡಿಸುವುದಿಲ್ಲ. ಜಯಸಿಂಹ ಅಳತೆ ಕೊಟ್ಟು ಮಾಡಿಸಿದ್ದೇ ಹಾಗೆ. ತುಂಬ ಹೊತ್ತು ನೋಡಿದೆ. ಜಯಸಿಂಹ ಹೇಳಿದ ಒಂದು ಮಾತು ಮಾತ್ರ ನಿಜ. ಕಣ್ಣು ಭಾವನ ಮೇಲೆ ನಿಲ್ಲುತ್ತಲೇ ಇರಲಿಲ್ಲ. ನಾಲ್ಕು ಜನ ಉಸಿರು ಕಟ್ಟಿ ನಿಂತಿದ್ದರು, ಗೋಡೆಗೆ ಆನಿಸಿಟ್ಟ ಹಲಗೆಗಳ ಹಾಗೆ. ಅವರ ಕೆಳಗೆ ಅದೇ ನಾಲ್ಕು ಹಲಗೆ ತಲೆಕೆಳಗಾಗಿ. ಇಡೀ ಫೋಟೋದಲ್ಲಿ ಯಾರಾದರೂ ಏನಾದರೂ ಮಾಡುತ್ತಿದ್ದರೆ ಅದು ಆ ಅಂಚಿನಲ್ಲಿ. ಒಂದು ಮಗು ಕಾಣೆಯಾದ ಅಜ್ಜಿಯನ್ನು ನೀರಿನಲ್ಲಿ ಹುಡುಕುತ್ತಿತ್ತು. ಅಜ್ಜಿ, ಮುಖ ಸೆರಗಿನಲ್ಲಿ ಮರೆಯಾಗುವಷ್ಟು ಬಾಗಿ, ಬೀಳುವ ಮಗುವಿನ ಕಡೆ ಒಂದು ಕೈ ಚಾಚಿದ್ದರು. ಇನ್ನೊಂದು ಕಡೆಯಿಂದ ಒಂದು ಕೈ ಬಂದು ಮಗುವನ್ನು ಹಿಡಿದಿತ್ತು.

ಗೆರೆಯನ್ನು ಒಂದು ಕೂದಲೆಳೆಯೂ ತಪ್ಪದ ಹಾಗೆ ಕತ್ತರಿಸಿದೆ. ಎರಡು ತುಂಡಾಯಿತು. ದೊಡ್ಡದೊಂದು, ಸಣ್ಣದೊಂದು. ದೊಡ್ಡದನ್ನು ತೂಗಬೇಕು ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವರು ಇರುವ ತುಂಡೇ ಫೋಟೋ, ಉಳಿದದ್ದು ಚೂರು, ಇದರಲ್ಲಿ ಹೇಳುವುದೇನಿದೆ? ಕತ್ತರಿಗೆ ಕುಂಕುಮ ಹಚ್ಚುವ ಜನಕ್ಕೆ ಕತ್ತರಿಗೆ ಎರಡು ಬದಿ ಇರುತ್ತದೆ ಎನ್ನುವುದು ತಿಳಿದಿರಲಿಲ್ಲ.

ಸಣ್ಣ ತುಂಡಿನಲ್ಲಿ ನಾನು ಕೈಯಷ್ಟೇ ಇದ್ದೆ. ಮಿಕ್ಕ ನಾನು ಆ ಕಡೆಗೆ. ನೋಡಿದೆ. ಆಮೇಲೆ ಕಪ್ಪು ಕಾಗದದ ನಡುವೆ ಸಣ್ಣದನ್ನು ಅಂಟಿಸಿ, ಚೌಕಟ್ಟಿಗೆ ಹಾಕಿ, ಬಿಳಿ ಬಟ್ಟೆ ಹೊದಿಸಿ ಕಟ್ಟಿದೆ. ಪಾತ್ರೆ ತೊಳೆಯಲು ಎದ್ದೆ.

ಮಾರನೆಯ ದಿನ ಬೆಳಗ್ಗೆ ಮಂಟಪದ ಮುಂದೆ ಊರು ಸೇರಿತ್ತು. ಊರಿಗೆ ಬೇರೆ ಕೆಲಸವಿದ್ದರೂ ಇಂಥದ್ದಕ್ಕೆ ಸೇರುತ್ತದೆ. ಕೆರೆ ಸಂಘದವರು ಮುಂದೆ ಕೂತಿದ್ದರು. ಹಳೆಯ ಫೋಟೋ ಇಳಿಸಿ ನೀರಿಗೆ ಬಿಟ್ಟಾಯಿತು. ನಮ್ಮ ಮನೆಯವರು ಪದ್ಧತಿಯಂತೆ ಮೆಟ್ಟಿಲ ಮೇಲೆ ಮತ್ತೆ ಸಾಲಾಗಿ ನಿಂತರು. ಕತ್ತರಿಗೆ ಸಿಕ್ಕವರು ದೂರ ನಿಲ್ಲಬೇಕು. ನೀಲತ್ತೆ ಹೊನ್ನಿಯ ಕೈ ಹಿಡಿದು ಕಂಬದ ಹಿಂದೆ ನಿಂತಿದ್ದರು. ನಾನು ಏಣಿ ಹತ್ತಿ ಚೌಕಟ್ಟನ್ನು ಮೊಳೆಗೆ ತಗುಲಿಸಿದೆ.

ಎಲ್ಲರ ಕಣ್ಣು ಬಿಳಿ ಬಟ್ಟೆಯ ಮೇಲಿತ್ತು. ನೀರು ನೋಡುತ್ತಿದ್ದವಳು ಒಬ್ಬಳೇ.

"ಅಮ್ಮಾ" ಎಂದು ಕೂಗಿದಳು ಹೊನ್ನಿ, "ದೊಡ್ಡಪ್ಪ ಮುಳುಗಿ ಹೋದ್ರು! ದೊಡ್ಡಮ್ಮಾನೂ! ಅಪ್ಪಾನೂ! ಅಜ್ಜಿ ಮೇಲೆ ಬಂದ್ಲು!"

"ಅಪಶಕುನ ನುಡೀಬೇಡ, ಶನಿ" ಎಂದು ದಾಕ್ಷಾಯಿಣಿಯಕ್ಕ ಹಲ್ಲು ಕಡಿದಳು. ಭಾವ ನಗುತ್ತಲೇ ಮಂಟಪಕ್ಕೆ ಬಂದು, ಸಭೆಗೆ ಕೈ ಮುಗಿದು, ಬಟ್ಟೆ ಎಳೆದರು.

ಬಟ್ಟೆ ಅವರ ಕೈಯಲ್ಲೇ ಉಳಿಯಿತು. ಊರು ಒಮ್ಮೆ ಗೋಡೆ ನೋಡಿತು, ಒಮ್ಮೆ ಭಾವನನ್ನು ನೋಡಿತು. ಸಂಘದ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು, "ಪಂಚಾಕ್ಷರಿ, ಇದರಲ್ಲಿ ನೀನೆಲ್ಲಿ?" ಎಂದರು. ಹಿಂದಿನಿಂದ ಯಾರೋ, "ಆ ಕೈ ಅವರದ್ದಿರಬೇಕು" ಎಂದರು. "ಬಳೆ ತೊಟ್ಟೋರ ಕೈ ಥರಾ ಇದೆಯಲ್ಲೋ" ಎಂದ ಇನ್ನೊಬ್ಬ. ನಗು ಮೆಟ್ಟಿಲಿಳಿದು ಕೆರೆಯ ಏರಿಯ ತನಕ ಹೋಯಿತು.

ಜಯಸಿಂಹ ಓಡಿ ಬಂದ. ಬೈಯುತ್ತಾನೆ ಎಂದುಕೊಂಡೆ. ಅವನು ಬೆರಳುಗಳ ಚೌಕಟ್ಟು ಮಾಡಿ, ಹಿಂದೆ ಸರಿದು, ಮುಂದೆ ಬಂದು, ಒಂದು ಕಣ್ಣು ಮುಚ್ಚಿ ನೋಡಿದ. ಅವನ ಮುಖವೇ ಬದಲಾಯಿತು. "ನಾನು ಹೇಳಿರಲಿಲ್ವಾ?" ಎಂದ ಸಭೆಯ ಕಡೆ ತಿರುಗಿ. "ಕತ್ತರಿಸಿದಷ್ಟೂ ಬಲ! ಆ ಅಲೆ ನೋಡಿ, ಆ ಖಾಲಿ ನೀರು ನೋಡಿ, ಅರ್ಧ ಕೈ ನೋಡಿ! ಇದು ನಮ್ಮ ಸ್ಟುಡಿಯೋದ ಕೆಲಸ!" ಕುಣಿಯಲಾರದವಳು ನೆಲ ಡೊಂಕು ಅನ್ನುತ್ತಾಳೆ, ಇವನು ಬೇರೆಯವರು ಕುಣಿದರೆ ನೆಲ ನಂದು ಅನ್ನುವವನು.

"ಯಾವ ಕೆಲಸವೋ?" ಎಂದು ಭಾವ ಅವನ ಅಂಗಿ ಹಿಡಿದರು. "ಇಳಿಸು ಅದನ್ನ!"

"ಇಳಿಸೋ ಹಾಗಿಲ್ಲ ಯಜಮಾನ್ರೇ. ನೀವಿರೋ ತನಕ ಇಳಿಸೋ ಹಾಗಿಲ್ಲ. ನೀವು ನೂರು ವರ್ಷ ಇರಬೇಕು."

ಭಾವ ಮೆಟ್ಟಿಲಿಳಿದು ನೀರಿನ ಅಂಚಿಗೆ ಹೋಗಿ ಬಗ್ಗಿದರು. ಆಕಾಶ ಕಾಣಿಸಿತು. ಒಂದು ಬೆಳ್ಳಕ್ಕಿ ಹಾರಿಹೋಯಿತು. ರುಮಾಲು ಬಿಚ್ಚಿ ನೀರಿನ ಮೇಲೆ ಬೀಸಿದರು, ಅದೂ ಕಾಣಲಿಲ್ಲ. ಅವರಿಂದ ಸ್ವಲ್ಪ ದೂರದಲ್ಲಿ ನೀಲತ್ತೆ ಕೂತು, ನೀರಿನಲ್ಲಿ ಕಂಡವಳನ್ನು ಗುರುತು ಹಿಡಿಯಲು ಹೆಣಗುತ್ತಿದ್ದರು. "ಈ ಮುದುಕಿ ಯಾರೇ ಹೊನ್ನಿ?" ಎಂದರು. "ನೀನೇ ಅಜ್ಜಿ, ಇನ್ಯಾರು?" ನೀಲತ್ತೆ ಮೂಗು ಮುಟ್ಟಿಕೊಂಡರು, ನೀರಿನವಳೂ ಮುಟ್ಟಿಕೊಂಡಳು. "ಅಪ್ಪಂದೇ ಕಣೇ!" ಎಂದು ಕೂಗಿ, ಮೆಟ್ಟಿಲ ಮೇಲೆ ಕೂತೇ ಅತ್ತರು.

ಮನೆಗೆ ಬಂದ ಮೇಲೆ ನನಗೆ ಆಗಬೇಕಾದ ಮಂಗಳಾರತಿ ಆಯಿತು. ಕತ್ತರಿಸಿದ ದೊಡ್ಡ ತುಂಡನ್ನು ತಂದು ಭಾವನ ಮುಂದೆ ಇಟ್ಟೆ. "ನೀವೆಲ್ಲ ಇದರಲ್ಲಿ ಚೆನ್ನಾಗಿ ಬಂದಿದೀರಿ. ಹಜಾರದಲ್ಲಿ ಹಾಕ್ಕೊಳ್ಳಿ" ಎಂದೆ. ಹಾಕಿಕೊಂಡರು. ಬೇರೆ ದಾರಿಯಿರಲಿಲ್ಲ, ಈಗ ಅವರಿಗೆ ಅವರ ಮುಖ ಕಾಣುವ ಜಾಗ ಅದೊಂದೇ. ಭಾವ ದಿನಾ ಬೆಳಗ್ಗೆ ಅದರ ಎದುರು ನಿಂತು, ಫೋಟೋದಲ್ಲಿ ಹೇಗಿದೆಯೋ ಹಾಗೇ ರುಮಾಲು ಸುತ್ತುತ್ತಾರೆ. ಸಂತೆಗೆ ಹೋಗುವುದಿದ್ದರೂ ಅದೇ ರುಮಾಲು. ದಾಕ್ಷಾಯಿಣಿಯಕ್ಕ ಒಡವೆಯನ್ನೆಲ್ಲ ಹೇರಿಕೊಂಡೇ ರೊಟ್ಟಿ ತಟ್ಟುತ್ತಾಳೆ. ಒಡವೆ ತೆಗೆದರೆ ತಾನು ಹೇಗಿರುತ್ತೇನೋ ಎಂದು ಅವಳಿಗೆ ಭಯ. ಸಚ್ಚಿದಾನಂದ ಕ್ಷೌರಕ್ಕೆ ಹೋದರೆ ಕ್ಯಾಲೆಂಡರಿನ ಮುಂದೆ ಕೂರುತ್ತಾನೆ. ಫೋಟೋಗೆ ಬಲ ಎಂದರೆ ಇದು.

ಅವರೆಲ್ಲ ಈಗ ನನ್ನನ್ನು ಕೇಳುತ್ತಾರೆ. ನೀಲತ್ತೆಯನ್ನು ಕೇಳಲು ನಾಚಿಕೆ, ಹೊನ್ನಿಯನ್ನು ಕೇಳಿದರೆ ಅವಳು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತಾಳೆ. "ಶಾಂಭವಿ, ಮೀಸೆ ಎರಡು ಕಡೆ ಸಮ ಇದೆಯೇನಮ್ಮ?" ಎಂದು ಮೊನ್ನೆ ಭಾವ ಮೆಲ್ಲಗೆ ಕೇಳಿದರು. "ಇದೆ ಭಾವ" ಎಂದೆ. ಎಡಗಡೆಯದು ಸ್ವಲ್ಪ ಗಿಡ್ಡಗಿತ್ತು. ಸಂಘದ ಚುನಾವಣೆ ಸೋತವರ ಮೀಸೆಗೆ ಅಷ್ಟು ಸಾಕು. ಆಮೇಲೆ ಮನಸ್ಸು ತಡೆಯದೆ ಕರೆದು, ಬಲಗಡೆಯದನ್ನೂ ಅಷ್ಟೇ ಕತ್ತರಿಸಿ ಕಳಿಸಿದೆ.

ನನ್ನ ಗಂಡ ಒಂದು ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ನನ್ನನ್ನೂ ಆ ಕಡೆಗೆ ಸೇರಿಸ್ಕೋಬಹುದಿತ್ತಲ್ಲ" ಎಂದ.

"ನಾನು ಯಾರನ್ನೂ ಸೇರಿಸಿಲ್ಲ ರೀ. ಗೆರೆ ಇದ್ದ ಕಡೆ ಕತ್ತರಿಸಿದೆ. ಗೆರೆ ಬೀಳೋ ಮೊದಲು ನೀವೆಲ್ಲಿ ನಿಂತಿದ್ರಿ ಅಂತ ನೀವೇ ನೋಡ್ಕೊಳ್ಳಿ."

ಯೋಚನೆ ಮಾಡುತ್ತೇನೆ ಎಂದು ಹೋದ. ಇನ್ನೂ ಮಾಡುತ್ತಿದ್ದಾನೆ.

ನಾನು ಕನ್ನಡಿಯಲ್ಲಿ ಕಾಣುವುದಿಲ್ಲ, ಬಲಗೈ ಒಂದನ್ನು ಬಿಟ್ಟು. ಮೊದಮೊದಲು ಸ್ವಲ್ಪ ಹೆದರಿಕೆಯಾಗುತ್ತಿತ್ತು. ಹಣೆಯ ಬೊಟ್ಟು ನೀಲತ್ತೆ ಇಡುತ್ತಾರೆ; ನನ್ನ ಮುಖದಲ್ಲಿ ನೆರಿಗೆ ಎಲ್ಲಿ ಹೊಸದಾಗಿ ಬಂದಿದೆ ಎಂದು ಕೇಳದಿದ್ದರೂ ಹೇಳುತ್ತಾರೆ. ಬೆಳಗ್ಗೆ ಶಾಲೆಗೆ ಹೊರಡಿಸುವಾಗ ಹೊನ್ನಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ ಜಡೆ ಹೆಣೆಯುತ್ತೇನೆ. ಕನ್ನಡಿಯಲ್ಲಿ ಅವಳೊಬ್ಬಳೇ ನಿಂತಿರುತ್ತಾಳೆ, ಬಾಯಿ ಕಿಸಿದುಕೊಂಡು, ಹೊಸ ಹಲ್ಲಿನ ಮೇಲೆ ನಾಲಿಗೆ ಆಡಿಸಿಕೊಂಡು. ಎಲ್ಲಿಂದಲೋ ಒಂದು ಕೈ ಬರುತ್ತದೆ, ಬಾಚುತ್ತದೆ, ಗದ್ದ ಹಿಡಿದು ಮುಖವನ್ನು ಈ ಕಡೆ ತಿರುಗಿಸುತ್ತದೆ. "ಅಲುಗಬೇಡ್ವೇ, ಒಂದು ಕ್ಷಣ" ಎನ್ನುತ್ತೇನೆ.

ಅಲುಗುತ್ತಾಳೆ.